ತರಗತಿಯಲ್ಲಿ ಎನ್‌ಎಲ್‌ಪಿ: ಸೋಮವಾರದಿಂದಲೇ ಶುರು ಮಾಡುವುದು ಹೇಗೆ, ಯಾವುದನ್ನು ಬಿಡಬೇಕು

ಎನ್‌ಎಲ್‌ಪಿ (ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್, ಅಂದರೆ ಮಾತು ಮತ್ತು ನಡೆಯನ್ನು ತಿದ್ದಿಕೊಳ್ಳುವ ತಂತ್ರಗಳ ಒಂದು ಗುಚ್ಛ) ಕಾರ್ಯಾಗಾರಕ್ಕೆ ಹೋಗಿ ಬಂದ ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಕೇಳುವಾಗ ಎಲ್ಲ ಚೆನ್ನಾಗಿತ್ತು. ಸೋಮವಾರ ಮೊದಲನೇ ಪೀರಿಯಡ್‌ಗೆ ಹೋದಾಗ ಏನು ಮಾಡೋದು?" ಕಾರ್ಯಾಗಾರದಲ್ಲಿ ಅಭ್ಯಾಸಕ್ಕೆ ಎದುರಿಗೆ ಕೂರುವವರು ಒಬ್ಬರೇ. ಅದೂ ದೊಡ್ಡವರು, ಅದೂ ಸಹಕರಿಸಬೇಕು ಅಂತಲೇ ಬಂದವರು. ತರಗತಿಯಲ್ಲಿ 40 ಮಕ್ಕಳು, 40 ನಿಮಿಷ, ಮುಗಿಸಲೇಬೇಕಾದ ಪಾಠ. ಈ ಲೇಖನ ಆ ಸೋಮವಾರಕ್ಕಾಗಿ.

ಎನ್‌ಎಲ್‌ಪಿ ಅಂದರೆ ಏನು, ಎಷ್ಟು ನಂಬಬೇಕು

ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಸಾಂತಾ ಕ್ರೂಜ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಭಾಷಾಶಾಸ್ತ್ರ ಕಲಿಸುತ್ತಿದ್ದ ಜಾನ್ ಗ್ರೈಂಡರ್ ಮತ್ತು ಅಲ್ಲೇ ವಿದ್ಯಾರ್ಥಿಯಾಗಿದ್ದ ರಿಚರ್ಡ್ ಬ್ಯಾಂಡ್ಲರ್ ಸೇರಿ ಮೂವರು ಹೆಸರಾಂತ ಮನೋಚಿಕಿತ್ಸಕರ ಮಾತಿನ ರೀತಿಯನ್ನು ಸೂಕ್ಷ್ಮವಾಗಿ ಅಧ್ಯಯನ ಮಾಡಿದರು: ಗೆಸ್ಟಾಲ್ಟ್ ಚಿಕಿತ್ಸೆಯ ಫ್ರಿಟ್ಜ್ ಪರ್ಲ್ಸ್, ಕುಟುಂಬ ಚಿಕಿತ್ಸೆಯ ವರ್ಜಿನಿಯಾ ಸಟೀರ್, ಸಂಮೋಹನ ಚಿಕಿತ್ಸೆಯ ಮಿಲ್ಟನ್ ಎರಿಕ್ಸನ್. ಇವರು ಹೇಗೆ ಪ್ರಶ್ನೆ ಕೇಳುತ್ತಾರೆ, ಹೇಗೆ ನಂಬಿಕೆ ಗಳಿಸುತ್ತಾರೆ, ಯಾವ ಮಾತನ್ನು ಹಿಡಿದು ಎಳೆಯುತ್ತಾರೆ ಎಂಬುದನ್ನು ತಂತ್ರಗಳಾಗಿ ಬಿಡಿಸಿಟ್ಟದ್ದೇ ಎನ್‌ಎಲ್‌ಪಿ. ಹುಟ್ಟೂರು ಚಿಕಿತ್ಸೆಯ ಕೋಣೆ ಎಂಬುದನ್ನು ಮರೆಯಬೇಡಿ. ತರಗತಿಗೆ ಒಗ್ಗದ ಭಾಗಗಳು ಇದರಲ್ಲಿ ಬೇಕಾದಷ್ಟಿವೆ.

ತರಬೇತಿಗಳಲ್ಲಿ ಈಗಲೂ ಹೇಳಿಕೊಡುವ ಮೂರು ಮಾತುಗಳನ್ನು ಮೊದಲೇ ಪಕ್ಕಕ್ಕಿಡಿ.

ಒಂದು, ಕಣ್ಣಿನ ಚಲನೆ. ಮೇಲೆ ನೋಡಿದರೆ ಮನಸ್ಸಿನಲ್ಲಿ ಚಿತ್ರ, ಪಕ್ಕಕ್ಕೆ ನೋಡಿದರೆ ದನಿ, ಇಂಥ ಕಡೆ ನೋಡಿದರೆ ಸುಳ್ಳು ಎನ್ನುವ ಪಟ್ಟಿ. ಕಣ್ಣು ಹೊರಳುವ ದಿಕ್ಕಿಗೂ ಸುಳ್ಳಿಗೂ ಸಂಬಂಧವಿದೆಯೇ ಎಂದು ಮನೋವಿಜ್ಞಾನಿ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು 2012ರಲ್ಲಿ ಪರೀಕ್ಷಿಸಿದರು; ಸಂಬಂಧ ಕಾಣಲಿಲ್ಲ. "ಕಣ್ಣು ತಪ್ಪಿಸಿದ, ಅಂದರೆ ಕಾಪಿ ಹೊಡೆದಿದ್ದಾನೆ" ಎಂದು ತೀರ್ಮಾನಿಸಿದರೆ ಒಂದು ಮಗುವಿಗೆ ಅನ್ಯಾಯವಾಗುತ್ತದೆ.

ಎರಡು, "ಇವನು ನೋಡಿ ಕಲಿಯುವವನು, ಇವಳು ಕೇಳಿ ಕಲಿಯುವವಳು" ಎಂಬ ವಿಂಗಡಣೆ. ಮಗುವಿನ ಶೈಲಿಗೆ ತಕ್ಕಂತೆ ಪಾಠ ಬದಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ಹೆರಾಲ್ಡ್ ಪಾಶ್ಲರ್ ಮತ್ತು ಇತರ ಮೂವರು ಮನೋವಿಜ್ಞಾನಿಗಳು 2008ರ ಪರಿಶೀಲನೆಯಲ್ಲಿ ಹೇಳಿದರು.

ಮೂರು, "ಸಂವಹನದಲ್ಲಿ ಮಾತಿನ ಪಾಲು ಶೇ. 7 ಮಾತ್ರ, ದನಿ ಶೇ. 38, ಮುಖಭಾವ ಮತ್ತು ಮೈ ಶೇ. 55" ಎಂಬ ಲೆಕ್ಕ. ಇದು 1967ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ ಮಾಡಿದ ಪ್ರಯೋಗಗಳಿಂದ ಬಂದದ್ದು. ಹೇಳುವವರಿಗೆ ನಮ್ಮ ಮೇಲೆ ಇಷ್ಟವಿದೆಯೋ ಇಲ್ಲವೋ ಎಂಬುದನ್ನು ಕೇಳುವವರು ಯಾವುದರಿಂದ ಊಹಿಸುತ್ತಾರೆ ಎಂಬಷ್ಟಕ್ಕೆ ಅದು ಸೀಮಿತ. ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ಮಾತಿನ ಪಾಲು ಶೇ. 7 ಅಲ್ಲ.

ಇಷ್ಟೆಲ್ಲ ಬಿಟ್ಟ ಮೇಲೆ ಉಳಿಯುವುದೇನು? ನೀವು ಎಲ್ಲಿ ನಿಲ್ಲುತ್ತೀರಿ, ಯಾವ ದನಿಯಲ್ಲಿ ಶುರು ಮಾಡುತ್ತೀರಿ, ಯಾವ ಪದ ಬಳಸುತ್ತೀರಿ, ಯಾವ ಪ್ರಶ್ನೆ ಕೇಳುತ್ತೀರಿ ಎಂಬುದನ್ನು ತಿದ್ದಿಕೊಳ್ಳುವ ಉಪಾಯಗಳು. ಇವು ನಿಜಕ್ಕೂ ಕೈಹಿಡಿಯುತ್ತವೆ. ಎನ್‌ಎಲ್‌ಪಿಯನ್ನು ನಿಮ್ಮ ನಡೆನುಡಿಯ ಮೇಲೆ ಪ್ರಯೋಗಿಸಿ. ಮಗುವಿನ ತಲೆಯೊಳಗೆ ಏನಿದೆ ಎಂದು ಪತ್ತೆ ಹಚ್ಚುವ ಯಂತ್ರ ಮಾಡಿಕೊಳ್ಳಬೇಡಿ. ಮುಂದಿನ ಪ್ರತಿ ಹಂತಕ್ಕೂ ಇದೇ ಅಳತೆಗೋಲು.

ಶುರು ಮಾಡುವ ಮೊದಲು

ಬೇಕಾಗುವುದು ಒಂದು ನೋಟ್‌ಬುಕ್, ಸೆಕೆಂಡ್ ಮುಳ್ಳಿರುವ ಗಡಿಯಾರ, ನಾಲ್ಕೈದು ಕಾಗದದ ಹಾಳೆ. ಜೊತೆಗೆ ವಾರಕ್ಕೊಮ್ಮೆ 10 ನಿಮಿಷ ಹಿಂದಿನ ಬೆಂಚಿನಲ್ಲಿ ಕೂತು ನೋಡುವ ಒಬ್ಬ ಸಹೋದ್ಯೋಗಿ ಸಿಕ್ಕರೆ ತುಂಬಾ ಒಳ್ಳೆಯದು.

ಯಾವ ತಂತ್ರವನ್ನೂ ಬಳಸದೆ ಮೊದಲ ಮೂರು ದಿನ ಬರೀ ಎಣಿಸಿ. ನೀವು ಸೂಚನೆ ಕೊಟ್ಟ ಮೇಲೆ ಕ್ಲಾಸು ಸ್ತಬ್ಧವಾಗಲು ಎಷ್ಟು ಸೆಕೆಂಡು ಹಿಡಿಯಿತು? ಒಂದು ಪೀರಿಯಡ್‌ನಲ್ಲಿ ಬಾಯಿಬಿಟ್ಟು ಉತ್ತರ ಹೇಳಿದ ಬೇರೆ ಬೇರೆ ಮಕ್ಕಳು ಎಷ್ಟು ಜನ? ಮಕ್ಕಳು ತಾವಾಗಿಯೇ ಕೇಳಿದ ಪ್ರಶ್ನೆಗಳು ಎಷ್ಟು? ಈ ಮೂರು ಸಂಖ್ಯೆ ನೋಟ್‌ಬುಕ್‌ನಲ್ಲಿ ಇಲ್ಲದಿದ್ದರೆ ತಿಂಗಳ ಕೊನೆಗೆ "ಏನೋ ಚೆನ್ನಾಗಾಗಿದೆ ಅನ್ನಿಸುತ್ತೆ" ಎಂಬಲ್ಲಿಗೇ ನಿಲ್ಲುತ್ತೀರಿ. ಅನ್ನಿಸಿಕೆಯನ್ನು ನಂಬಿ ನಡೆದದ್ದೇ ಈ ಕ್ಷೇತ್ರಕ್ಕೆ ಆಗಿರುವ ದೊಡ್ಡ ಹಾನಿ.

ಹಂತ 1: ಬಾಗಿಲ ಹೊರಗೆ ಒಂದು ನಿಮಿಷ

ಎನ್‌ಎಲ್‌ಪಿಯಲ್ಲಿ 'ಸ್ಟೇಟ್' ಅಂದರೆ ಆ ಕ್ಷಣದ ಮನಸ್ಸು, ಉಸಿರು, ಮೈ ಮೂರೂ ಸೇರಿದ ಸ್ಥಿತಿ. ಹಿಂದಿನ ಕ್ಲಾಸಿನ ಸಿಟ್ಟನ್ನು ಈ ಕ್ಲಾಸಿಗೆ ಹೊತ್ತು ತರುವುದು ಶಿಕ್ಷಕರಿಗೆ ತಿಳಿಯುವುದಿಲ್ಲ, ಮಕ್ಕಳಿಗೆ ತಕ್ಷಣ ತಿಳಿಯುತ್ತದೆ.

ಬಾಗಿಲ ಹೊರಗೆ ಎರಡೂ ಪಾದ ಊರಿ ನಿಲ್ಲಿ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ಬಿಡಿ. ಐದು ಸಲ ಮಾಡಿದರೆ ಸುಮಾರು 50 ಸೆಕೆಂಡು. ಬಿಡುವ ಉಸಿರು ಎಳೆಯುವುದಕ್ಕಿಂತ ಉದ್ದವಾಗಿರಬೇಕು, ಎದೆಬಡಿತ ಇಳಿಯುವುದು ಅದರಿಂದ. ಆಮೇಲೆ ಒಳಗೆ ಹೋಗಿ ಹೇಳುವ ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಪೂರ್ತಿ ಹೇಳಿಕೊಳ್ಳಿ. "ಹ್ಞಾಂ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?" ಎಂದು ಶುರುವಾಗುವ ಕ್ಲಾಸು ಮೊದಲ ಐದು ನಿಮಿಷವನ್ನು ಆ ಒಂದು ಪ್ರಶ್ನೆಗೇ ಕಳೆದುಕೊಳ್ಳುತ್ತದೆ.

ಹಂತ 2: ನಿಲ್ಲುವ ಜಾಗಕ್ಕೆ ಅರ್ಥ ಕೊಡುವುದು

ಇದನ್ನು 'ಆಂಕರಿಂಗ್' ಅನ್ನುತ್ತಾರೆ, ಅಂದರೆ ಲಂಗರು ಹಾಕುವುದು. ಒಂದು ಗುರುತು ಮತ್ತು ಒಂದು ಮನಃಸ್ಥಿತಿ ಪದೇ ಪದೇ ಒಟ್ಟಿಗೆ ಬಂದರೆ, ಆಮೇಲೆ ಗುರುತೊಂದೇ ಸಾಕು, ಮನಃಸ್ಥಿತಿ ಹಿಂದೆಯೇ ಬರುತ್ತದೆ. ಇದರ ಬೇರು ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳ ಮೇಲೆ ಮಾಡಿದ ಪ್ರಯೋಗದಲ್ಲಿದೆ. ಎಲ್ಲ ತಂತ್ರಗಳಲ್ಲಿ ತರಗತಿಗೆ ಅತ್ಯಂತ ಚೆನ್ನಾಗಿ ಒಗ್ಗುವುದು ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಕ್ಲಾಸಿನ ಮುಂಭಾಗದಲ್ಲಿ ನಾಲ್ಕು ಜಾಗ ಗೊತ್ತು ಮಾಡಿಕೊಳ್ಳಿ. ಮಧ್ಯದ್ದು ಹೊಸ ಪಾಠ ಹೇಳುವ ಜಾಗ. ಎಡ ತುದಿಯಲ್ಲಿ, ಮಕ್ಕಳತ್ತ ಒಂದು ಹೆಜ್ಜೆ ಮುಂದೆ, ಪ್ರಶ್ನೆ ಕೇಳುವ ಮತ್ತು ಉತ್ತರಕ್ಕೆ ಕಾಯುವ ಜಾಗ. ಬಲ ತುದಿ ಸೂಚನೆಯ ಜಾಗ: ಹೋಂವರ್ಕ್, ಪುಟ ಸಂಖ್ಯೆ, ಗುಂಪು ಮಾಡುವುದು, ಎಲ್ಲ ಅಲ್ಲಿಂದ. ನಾಲ್ಕನೆಯದು ಎಚ್ಚರಿಕೆ ಹೇಳುವ ಜಾಗ. ಅದು ಬೋರ್ಡಿನಿಂದ ದೂರ, ಬಾಗಿಲ ಹತ್ತಿರ ಇರಲಿ. ಒಂದರಿಂದ ಇನ್ನೊಂದಕ್ಕೆ ಕನಿಷ್ಠ ಮೂರು ಹೆಜ್ಜೆ ಅಂತರ ಬೇಕು. ಅದಕ್ಕಿಂತ ಕಡಿಮೆಯಾದರೆ ಹಿಂದಿನ ಬೆಂಚಿನ ಮಕ್ಕಳಿಗೆ ವ್ಯತ್ಯಾಸವೇ ಕಾಣುವುದಿಲ್ಲ.

ಮೊದಲ ವಾರ ಜಾಗಕ್ಕೆ ಮಾತು ಸೇರಿಸಿ. ಎಡಕ್ಕೆ ನಡೆದು, ನಿಂತು, ಆಮೇಲೆ "ಈಗ ಪ್ರಶ್ನೆ" ಅನ್ನಿ. ಕ್ರಮ ಮುಖ್ಯ: ಮೊದಲು ಜಾಗ, ಆಮೇಲೆ ಮಾತು. ಮಾತಾಡುತ್ತಲೇ ನಡೆದರೆ ಜಾಗಕ್ಕೆ ಅರ್ಥ ಅಂಟುವುದಿಲ್ಲ. ಎರಡನೇ ವಾರ ಮಾತು ಕಡಿಮೆ ಮಾಡುತ್ತಾ ಬನ್ನಿ. ಮೂರನೇ ವಾರ ಪರೀಕ್ಷೆ: ಪಾಠ ನಿಲ್ಲಿಸಿ, ಏನೂ ಹೇಳದೆ ಎಡಕ್ಕೆ ಹೋಗಿ ಐದು ಸೆಕೆಂಡು ನಿಲ್ಲಿ. ಮಕ್ಕಳು ಪೆನ್ನು ಕೆಳಗಿಟ್ಟು ತಲೆ ಎತ್ತಿದರೆ ಲಂಗರು ಬಿದ್ದಿದೆ. ಬರೆಯುತ್ತಲೇ ಇದ್ದರೆ ಇನ್ನೊಂದು ವಾರ ಮಾತು ಸೇರಿಸಿ ಮುಂದುವರಿಸಿ.

ಇದು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಪಾಠದ ಜಾಗದಲ್ಲಿ ನಿಂತೇ ಗದರುವುದು. ಮಧ್ಯದಲ್ಲಿ ನಿಂತು ಭಿನ್ನರಾಶಿ ಹೇಳುತ್ತಿರುವಾಗ ಹಿಂದೆ ಯಾರೋ ಮಾತಾಡಿದರು, ಅಲ್ಲಿಂದಲೇ ದನಿ ಏರಿತು. ಹತ್ತು ಸಲ ಹೀಗಾದರೆ ಆ ಜಾಗಕ್ಕೆ ಬೈಗುಳವೂ ಅಂಟಿಕೊಳ್ಳುತ್ತದೆ. ಆಮೇಲೆ ನೀವು ಅಲ್ಲಿ ನಿಂತ ತಕ್ಷಣ ಮಕ್ಕಳ ಭುಜ ಬಿಗಿಯುತ್ತದೆ, ಅದೂ ನೀವು ಹೊಸ ವಿಷಯ ಹೇಳಲು ಬಾಯಿ ತೆರೆಯುವ ಹೊತ್ತಿಗೆ. ಗದರಲೇಬೇಕಾದರೆ ಬಾಗಿಲ ಕಡೆಗೆ ನಡೆಯಿರಿ. ಆ ಐದಾರು ಹೆಜ್ಜೆ ನಡೆಯುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ, ಮಾತಾಡುತ್ತಿದ್ದ ಮಗುವೂ ಸುಮ್ಮನಾಗಿರುತ್ತದೆ.

ಕ್ಲಾಸು ಚಿಕ್ಕದಾಗಿ ನಾಲ್ಕು ಜಾಗ ಹಿಡಿಸದಿದ್ದರೆ ಎರಡೇ ಸಾಕು, ಪಾಠದ್ದು ಮತ್ತು ಪ್ರಶ್ನೆಯದು. ಗಾಲಿಕುರ್ಚಿಯಲ್ಲಿ ಕೂತು ಅಥವಾ ಒಂದೇ ಕಡೆ ನಿಂತು ಪಾಠ ಮಾಡುವವರು ಜಾಗದ ಬದಲು ಕೈಸನ್ನೆ ಬಳಸಬಹುದು.

ನಿಶ್ಶಬ್ದಕ್ಕೆ ಒಂದು ಸನ್ನೆ ಇರಲಿ, ಉದಾಹರಣೆಗೆ ಎತ್ತಿದ ಅಂಗೈ. ಕೈ ಎತ್ತಿದ ಮೇಲೆ ನೀವು ಮಾತಾಡಕೂಡದು, ಕೊನೆಯ ಮಗು ಸುಮ್ಮನಾಗುವವರೆಗೆ ಕೈ ಇಳಿಸಕೂಡದು. ಕೈ ಎತ್ತಿಕೊಂಡೇ "ಸುಮ್ಮನಿರಿ, ಸುಮ್ಮನಿರಿ" ಅನ್ನುತ್ತಿದ್ದರೆ, ಕೈ ಎತ್ತಿದಾಗಲೂ ಗದ್ದಲ ನಡೆಯಬಹುದು ಎಂದೇ ಮಕ್ಕಳು ಕಲಿಯುತ್ತಾರೆ.

ಹಂತ 3: ಹೊಂದಿಕೊಂಡು, ಆಮೇಲೆ ಕರೆದೊಯ್ಯುವುದು

'ರ‍್ಯಾಪೋ' ಅಂದರೆ ಇಬ್ಬರ ನಡುವೆ ಕೂಡಿಬರುವ ಸಲಿಗೆಯ ವಿಶ್ವಾಸ. ಅದಕ್ಕೆ ಎನ್‌ಎಲ್‌ಪಿ ಹೇಳುವ ದಾರಿ ಎರಡು ಹೆಜ್ಜೆಯದು: ಮೊದಲು ಎದುರಿಗಿರುವವರ ವೇಗಕ್ಕೆ ನೀವು ಹೊಂದಿಕೊಳ್ಳಿ, ಆಮೇಲೆ ನಿಧಾನಕ್ಕೆ ನಿಮ್ಮ ವೇಗಕ್ಕೆ ತನ್ನಿ.

ಆಟದ ಪೀರಿಯಡ್ ಮುಗಿಸಿ ಬಂದ ಕ್ಲಾಸಿಗೆ ಮೆಲುದನಿಯಲ್ಲಿ "ಪುಸ್ತಕ ತೆಗೆಯಿರಿ" ಅಂದರೆ ಯಾರಿಗೂ ಕೇಳಿಸುವುದಿಲ್ಲ. ಕ್ಲಾಸಿನ ಗದ್ದಲಕ್ಕಿಂತ ಒಂದು ಎಳೆ ಮಾತ್ರ ಜೋರಾಗಿ, ಚುರುಕಾಗಿ ಶುರು ಮಾಡಿ. ಅವರಿಗೆ ಆ ಕ್ಷಣ ನಿಜವೆಂದು ಗೊತ್ತಿರುವ ಎರಡು ಮೂರು ಸಂಗತಿ ಹೇಳಿ, ಅದರ ಬೆನ್ನಿಗೆ ಕೆಲಸ ಹೇಳಿ: "ಈಗಷ್ಟೇ ಓಡಿ ಬಂದಿದ್ದೀರಿ. ಇನ್ನೂ ಏದುಸಿರಿದೆ. ಕೆಲವರು ನೀರು ಕುಡೀತಿದ್ದೀರಿ. ಕುಡಿದು ಮುಗಿಸಿ, ಕೂತು, ಬೋರ್ಡಿನ ಮೇಲಿರೋ ಮೊದಲನೇ ಸಾಲನ್ನ ಮನಸ್ಸಲ್ಲೇ ಓದಿ." ನಾಲ್ಕು ವಾಕ್ಯದಲ್ಲಿ ದನಿಯನ್ನು ನಾಲ್ಕು ಮೆಟ್ಟಿಲು ಇಳಿಸಿ. ಕೊನೆಯ ವಾಕ್ಯ ಮಾಮೂಲಿ ಪಾಠದ ದನಿಯಲ್ಲಿರಬೇಕು.

ಒಂದೊಂದು ಮಗುವಿನ ಜೊತೆ ಮಾತಾಡುವಾಗ ಅದರ ಕಣ್ಣಿನ ಮಟ್ಟಕ್ಕೆ ಬನ್ನಿ, ನೇರ ಎದುರು ಬಿಟ್ಟು ಸ್ವಲ್ಪ ಓರೆಯಾಗಿ ಕೂರಿ, ಇಬ್ಬರ ಕಣ್ಣೂ ನೋಟ್‌ಬುಕ್ ಮೇಲಿರಲಿ. ಮಗು ನಿಧಾನಕ್ಕೆ ಮಾತಾಡಿದರೆ ನೀವೂ ನಿಧಾನಿಸಿ.

ಇಲ್ಲೊಂದು ಗೆರೆ ಇದೆ. ವೇಗಕ್ಕೆ ಹೊಂದಿಕೊಳ್ಳುವುದು ಬೇರೆ, ಅಣಕಿಸುವುದು ಬೇರೆ. ಮಗುವಿನ ಉಚ್ಚಾರಣೆ, ತೊದಲು, ನಡಿಗೆ, ಕೈ ಅಲುಗಿಸುವ ರೂಢಿ ಇವನ್ನು ಯಾವ ಕಾರಣಕ್ಕೂ ಅನುಕರಿಸಬೇಡಿ. ಹದಿಹರೆಯದವರು ಕೂತ ಭಂಗಿಯನ್ನು ನಕಲು ಮಾಡಿದರೂ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಒಮ್ಮೆ ಗೊತ್ತಾದರೆ ಹೋದ ವಿಶ್ವಾಸ ಬೇಗ ಮರಳುವುದಿಲ್ಲ.

ಹಂತ 4: ನಿಮ್ಮ ವಾಕ್ಯಗಳನ್ನು ತಿದ್ದಿಕೊಳ್ಳುವುದು

ಒಂದು ಪೀರಿಯಡ್ ಪೂರ್ತಿ ನಿಮ್ಮ ಮಾತನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಕ್ಕಳ ದನಿಯೂ ಅದರಲ್ಲಿ ಬರುವುದರಿಂದ ಶಾಲೆಯ ಅನುಮತಿ ಪಡೆದು, ಕೇಳಿದ ಮೇಲೆ ಅಳಿಸಿಬಿಡಿ. ಕೇಳುವಾಗ ಎಷ್ಟು ಸಲ 'ಬೇಡಿ' ಬಂತು ಎಂದು ಎಣಿಸಿ.

ಕನ್ನಡದಲ್ಲಿ 'ಬೇಡ' ಬರುವುದು ಕೊನೆಗೆ. "ಓಡಬೇಡಿ" ಎನ್ನುವಾಗ ಮಗುವಿನ ಕಿವಿಗೆ ಮೊದಲು ಬೀಳುವುದು 'ಓಡ', ನಿಷೇಧ ಆಮೇಲೆ. ಇದೊಂದೇ ಸಮಸ್ಯೆಯಲ್ಲ. ಓಡುವುದು ಬೇಡ ಸರಿ, ಏನು ಮಾಡಬೇಕು ಎಂಬುದು ಆ ಮಾತಿನಲ್ಲಿ ಇಲ್ಲವೇ ಇಲ್ಲ. ಬೇಕಾದ್ದನ್ನು ನೇರವಾಗಿ ಹೇಳಿ. "ಓಡಬೇಡಿ" ಬದಲು "ಗೋಡೆ ಪಕ್ಕದಲ್ಲಿ ನಡೀರಿ." "ಗಲಾಟೆ ಮಾಡಬೇಡಿ" ಬದಲು "ಪಕ್ಕದವರಿಗೆ ಮಾತ್ರ ಕೇಳೋ ಹಾಗೆ ಮಾತಾಡಿ." "ಲೆಕ್ಕ ತಪ್ಪು ಮಾಡಬೇಡಿ" ಬದಲು "ಕೈಲಿರೋ ಅಂಕಿನ ಮೇಲೆ ಚಿಕ್ಕದಾಗಿ ಬರ್ಕೊಳ್ಳಿ." ಮಗು ಬಿಸಿ ಪಾತ್ರೆಗೆ ಕೈ ಚಾಚಿದಾಗ, ಪ್ರಯೋಗಾಲಯದಲ್ಲಿ ಆಮ್ಲದ ಬಾಟಲಿ ಎತ್ತಿದಾಗ "ಬೇಡ!" ಎಂದೇ ಕೂಗಿ. ಅಪಾಯದ ಹೊತ್ತಿಗೆ ಅದಕ್ಕಿಂತ ಚುರುಕಾದ ಪದವಿಲ್ಲ. ದಿನವಿಡೀ ಬಳಸದಿದ್ದರೆ ಮಾತ್ರ ಅದಕ್ಕೆ ಆ ಬಲ ಉಳಿಯುತ್ತದೆ.

ಎರಡನೆಯದು 'ಬರಲ್ಲ' ಮತ್ತು 'ಬಂದಿಲ್ಲ'. "ನಿನಗೆ ಇಂಗ್ಲಿಷ್ ಬರಲ್ಲ" ಅಂದರೆ ಇಂದಿಗೂ ನಾಳೆಗೂ ಸೇರಿಸಿ ಬಾಗಿಲು ಹಾಕಿದಂತೆ. "ಇನ್ನೂ ಬಂದಿಲ್ಲ" ಅಂದರೆ ಇವತ್ತಿನವರೆಗಿನ ಲೆಕ್ಕ ಮಾತ್ರ. ಮಗು "ನಂಗೆ ಬರಲ್ಲ" ಅಂದಾಗ, ತಿದ್ದಿದ ಹಾಗೆ ಕಾಣಿಸದಂತೆ, "ಹೌದು, ಇನ್ನೂ ಬಂದಿಲ್ಲ. ಎಲ್ಲೀವರೆಗೆ ಬಂದಿದೆ ನೋಡೋಣ" ಎಂದು ಮುಂದುವರಿಸಿ.

ಮೂರನೆಯದು ಒಳಗೇ ಆಯ್ಕೆ ಇಟ್ಟು ಹೇಳುವ ವಾಕ್ಯ. "ಲೆಕ್ಕ ಮಾಡ್ತೀರಾ?" ಎಂದರೆ "ಇಲ್ಲ" ಅನ್ನಲು ಜಾಗವಿದೆ. "ಮೊದಲು ಮೂರನೇದು ಮಾಡ್ತೀಯೋ ಐದನೇದೋ?" ಎಂದರೆ ಮಾಡುವುದು ಖಾತ್ರಿ, ಕ್ರಮ ಮಾತ್ರ ಮಗುವಿನದು. ಆದರೆ ಎರಡೂ ಆಯ್ಕೆ ನಿಜವಾಗಿರಬೇಕು. ಮಗು ಐದನೆಯದನ್ನು ಆರಿಸಿಕೊಂಡಾಗ "ಬೇಡ, ಮೂರನೇದೇ ಮಾಡು" ಅಂದರೆ ಮುಂದೆ ನಿಮ್ಮ ಯಾವ ಆಯ್ಕೆಯನ್ನೂ ಅದು ನಂಬುವುದಿಲ್ಲ.

ಹೊಗಳಿಕೆಯಲ್ಲೂ ಎಚ್ಚರ. ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ "ಜಾಣ" ಎಂದು ಹೊಗಳಿಸಿಕೊಂಡ ಮಕ್ಕಳು ಕಷ್ಟದ ಸಮಸ್ಯೆ ಎದುರಾದಾಗ, ಶ್ರಮಕ್ಕಾಗಿ ಹೊಗಳಿಸಿಕೊಂಡವರಿಗಿಂತ ಬೇಗ ಕೈಚೆಲ್ಲಿದರು. "ಜಾಣೆ!" ಎನ್ನುವ ಬದಲು "ಮೊದಲನೇ ಸಲ ತಪ್ಪಾದ ಮೇಲೆ ಚಿತ್ರ ಬರೆದು ನೋಡಿದೆಯಲ್ಲ, ಅದರಿಂದ ಬಂತು ಉತ್ತರ" ಎನ್ನಿ.

ಹಂತ 5: ಮಗುವಿನ ಮಾತನ್ನು ಬಿಡಿಸುವ ಪ್ರಶ್ನೆ

ಎನ್‌ಎಲ್‌ಪಿಯ ಮೊದಲ ತಂತ್ರವೇ ಇದು, ಹೆಸರು 'ಮೆಟಾ ಮಾಡೆಲ್'. ಆಡುವ ಮಾತಿನಲ್ಲಿ ಮಾಹಿತಿ ಮೂರು ರೀತಿ ಕಳೆದುಹೋಗುತ್ತದೆ ಎನ್ನುವುದು ಇದರ ತಿರುಳು: ಏನೋ ಬಿಟ್ಟುಹೋಗಿರುತ್ತದೆ, ಒಂದನ್ನು ಎಲ್ಲಕ್ಕೂ ಹಬ್ಬಿಸಿರುತ್ತಾರೆ, ಅಥವಾ ಊಹೆಯನ್ನು ಸತ್ಯದ ಹಾಗೆ ಹೇಳಿರುತ್ತಾರೆ. ಸರಿಯಾದ ಪ್ರಶ್ನೆ ಕೇಳಿದರೆ ಕಳೆದುಹೋದದ್ದು ವಾಪಸ್ ಬರುತ್ತದೆ.

"ಅರ್ಥ ಆಗ್ಲಿಲ್ಲ ಸರ್" ಎಂಬಲ್ಲಿ ಯಾವುದು ಎಂಬುದು ಬಿಟ್ಟುಹೋಗಿದೆ. ಕೇಳಬೇಕಾದ್ದು: "ಯಾವ ಸಾಲಿನವರೆಗೆ ಅರ್ಥ ಆಯ್ತು? ಬೆರಳಿಟ್ಟು ತೋರಿಸು."

"ಯಾವಾಗ್ಲೂ ನನಗೇ ಕಡಿಮೆ ಮಾರ್ಕ್ಸ್" ಎಂಬುದು ಹಬ್ಬಿಸಿದ ಮಾತು. ಯಾವಾಗಲೂ, ಯಾರೂ, ಏನೂ ಎಂದು 'ಊ' ಎಳೆದಾಗಲೆಲ್ಲ ಕಿವಿ ನಿಮಿರಲಿ. "ಇದಕ್ಕಿಂತ ಜಾಸ್ತಿ ಬಂದಿದ್ದು ಯಾವ ಟೆಸ್ಟಲ್ಲಿ?"

"ಮಿಸ್‌ಗೆ ನನ್ನ ಕಂಡ್ರೆ ಆಗಲ್ಲ" ಎಂಬುದು ಊಹೆ. "ಏನು ನಡೆದಾಗ ನಿನಗೆ ಹಾಗನ್ನಿಸ್ತು?" ಕೆಲವೊಮ್ಮೆ ಉತ್ತರ ಕೇಳಿದ ಮೇಲೆ ನಿಮ್ಮದೇ ತಪ್ಪು ಕಾಣಬಹುದು, ಒಪ್ಪಿಕೊಳ್ಳಿ.

ಹತ್ತಿರದಿಂದ ಒಂದು ಉದಾಹರಣೆ. 612ನ್ನು 6ರಿಂದ ಭಾಗಿಸುವ ಲೆಕ್ಕ. ಮಗು 12 ಎಂದು ಬರೆದು, ತಪ್ಪೆಂದು ತಿಳಿದು, ಪೆನ್ಸಿಲ್ ಇಟ್ಟುಬಿಟ್ಟಿದೆ.

"ನಂಗೆ ಭಾಗಾಕಾರ ಬರೋದೇ ಇಲ್ಲ ಮಿಸ್."
"ಮೊದಲನೇ 6ನ್ನ 6ರಿಂದ ಭಾಗಿಸೋದು?"
"ಅದು ಬಂತು. 1."
"ಆಮೇಲೆ ಯಾವ ಅಂಕಿ ಇಳಿಸಿದೆ?"
"1."
"ಅದರಲ್ಲಿ 6 ಎಷ್ಟು ಸಲ ಹೋಗುತ್ತೆ?"
"ಹೋಗಲ್ಲ."
"ಹೋಗಲ್ಲ ಅನ್ನೋದನ್ನ ಮೇಲೆ ಎಲ್ಲಿ ಬರೆದೆ?"

ಮಗು ಮೇಲಿನ ಸಾಲು ನೋಡುತ್ತದೆ, 1 ಮತ್ತು 2ರ ನಡುವೆ ಸೊನ್ನೆ ಬರೆಯುತ್ತದೆ: 102. 'ಭಾಗಾಕಾರ ಬರೋದೇ ಇಲ್ಲ' ಎಂಬ ಬೆಟ್ಟ 'ಹೋಗದಿದ್ದಾಗ ಸೊನ್ನೆ ಬರೆಯಲು ಮರೆತೆ' ಎಂಬ ಕಲ್ಲಾಯಿತು. ಇದನ್ನು ಎತ್ತಿಡಬಹುದು.

ಇಡೀ ಮಾತುಕತೆಯಲ್ಲಿ 'ಯಾಕೆ' ಇಲ್ಲದ್ದನ್ನು ಗಮನಿಸಿ. "ಯಾಕೆ ಬರೆದಿಲ್ಲ?" ಎಂಬುದು ಪ್ರಶ್ನೆಯ ವೇಷದ ಬೈಗುಳವಾಗಿ ಕೇಳಿಸುತ್ತದೆ, ಉತ್ತರವಾಗಿ ನೆಪ ಬರುತ್ತದೆ. ಯಾವುದು, ಎಲ್ಲಿ, ಯಾವಾಗ, ಹೇಗೆ, ಎಷ್ಟು ಎಂದು ಕೇಳಿ. ಎಲ್ಲರ ಮುಂದೆ ಒಂದೇ ಮಗುವಿಗೆ ಎರಡಕ್ಕಿಂತ ಹೆಚ್ಚು ಪ್ರಶ್ನೆ ಬೇಡ, ಅದು ವಿಚಾರಣೆಯಾಗುತ್ತದೆ. ಮೇಲಿನಂಥ ಸರಣಿ ಬೆಂಚಿನ ಪಕ್ಕ ಕೂತು, ಮೆಲುದನಿಯಲ್ಲಿ ಮಾತ್ರ. ಅಳುತ್ತಿರುವ ಮಗುವಿಗೆ ಯಾವ ಪ್ರಶ್ನೆಯೂ ಬೇಡ, ಮೊದಲು ಅಳು ನಿಲ್ಲಲಿ.

ಇಡೀ ಕ್ಲಾಸಿಗೆ "ಅರ್ಥ ಆಯ್ತಾ?" ಎಂದು ಕೇಳುವುದನ್ನು ಇವತ್ತೇ ನಿಲ್ಲಿಸಿ. "ಆಯ್ತು ಸರ್" ಎಂಬ ಒಕ್ಕೊರಲಿನಿಂದ ನಿಮಗೆ ಏನೂ ತಿಳಿಯುವುದಿಲ್ಲ. "ಯಾವ ಹೆಜ್ಜೆ ಮೇಲೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ಕಷ್ಟ ಆಗುತ್ತೆ?" ಎಂದು ಕೇಳಿ, ಪ್ರಶ್ನೆಯ ಜಾಗದಲ್ಲಿ ನಿಂತು ಕಾಯಿರಿ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದೇ ಸೆಕೆಂಡು ಕಾಯುತ್ತಾರೆ, ಮೂರು ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಬಾಯಿಬಿಡುತ್ತಾರೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದರು. ಗಡಿಯಾರ ನೋಡಬೇಕಿಲ್ಲ, ನಿಧಾನಕ್ಕೆ ಒಂದು ಉಸಿರು ಎಳೆದು ಬಿಟ್ಟರೆ ಮೂರು ಸೆಕೆಂಡು ದಾಟಿರುತ್ತದೆ. ಮಗು ಉತ್ತರ ಹೇಳಿದ ಮೇಲೂ ಇನ್ನೊಂದು ಉಸಿರು ಕಾಯಿರಿ. ಎಷ್ಟೋ ಸಲ ಒಳ್ಳೆಯ ಭಾಗ ಆಮೇಲೆ ಬರುತ್ತದೆ.

ಹಂತ 6: ಕಣ್ಣು, ಕಿವಿ, ಕೈ ಮೂರೂ ಎಲ್ಲರಿಗೂ

ಮಕ್ಕಳನ್ನು ವಿಂಗಡಿಸಬೇಡಿ ಎಂದೆವು. ಆದರೆ ಒಂದೇ ವಿಷಯವನ್ನು ನೋಡುವ, ಕೇಳುವ, ಮಾಡುವ ಮೂರೂ ದಾರಿಯಲ್ಲಿ ಇಡೀ ಕ್ಲಾಸಿಗೆ ಕೊಡುವುದು ಒಳ್ಳೆಯ ಪಾಠದ ಲಕ್ಷಣ. ಮಾತಿನ ಜೊತೆ ಚಿತ್ರವೂ ಇದ್ದರೆ ನೆನಪಿಗೆ ಎರಡು ಹಿಡಿ ಸಿಗುತ್ತವೆ. ಮನೋವಿಜ್ಞಾನಿ ಅಲನ್ ಪಾಯ್ವಿಯೋ 1971ರಲ್ಲಿ ವಿವರಿಸಿದ್ದು ಇದನ್ನೇ.

ಮುಕ್ಕಾಲು ಮತ್ತು ಎಂಟರಲ್ಲಿ ಆರು ಒಂದೇ ಎಂದು ತೋರಿಸುವ ಪಾಠ ತೆಗೆದುಕೊಳ್ಳಿ. ಪ್ರತಿ ಮಗುವಿಗೂ 24 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಒಂದು ಕಾಗದದ ಪಟ್ಟಿ. ಉದ್ದವನ್ನು ಅರ್ಧಕ್ಕೆ ಮಡಿಸಿದರೆ 12 ಸೆಂ.ಮೀ., ಇನ್ನೊಮ್ಮೆ ಮಡಿಸಿದರೆ 6. ಬಿಡಿಸಿದಾಗ ನಾಲ್ಕು ಸಮಭಾಗ. ಮೂರು ಭಾಗಕ್ಕೆ ಪೆನ್ಸಿಲ್‌ನಿಂದ ತೆಳುವಾಗಿ ಬಣ್ಣ ತುಂಬಲಿ. ಬಣ್ಣದ ಉದ್ದ ಅಳೆಯಲಿ: 18 ಸೆಂ.ಮೀ. ಈಗ ಅದೇ ಮಡಿಕೆಗಳಲ್ಲಿ ಮಡಿಸಿ, ಇನ್ನೊಂದು ಸಲ ಅರ್ಧ ಮಾಡಿ ಬಿಡಿಸಲಿ. ಭಾಗಗಳು ಎಂಟಾದವು, ಒಂದೊಂದೂ 3 ಸೆಂ.ಮೀ. ಬಣ್ಣದ ಭಾಗಗಳನ್ನು ಎಣಿಸಿದರೆ ಆರು. ಮತ್ತೆ ಅಳೆದರೆ ಅದೇ 18. ಗೆರೆ ಹೆಚ್ಚಾಯಿತು, ಬಣ್ಣ ಹೆಚ್ಚಾಗಲಿಲ್ಲ. ಈ ವಾಕ್ಯವನ್ನು ಪಕ್ಕದ ಮಗುವಿಗೆ ತನ್ನ ಮಾತಿನಲ್ಲಿ ಹೇಳಲಿ. ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆಯುವುದು ಎಲ್ಲಕ್ಕಿಂತ ಕೊನೆಗೆ.

ಎಡವುವುದು ಎರಡು ಕಡೆ. ಮಕ್ಕಳು ಮಡಿಸುತ್ತಿರುವಾಗ ನೀವು ವಿವರಿಸುತ್ತಿದ್ದರೆ ಅವರು ಎರಡರಲ್ಲಿ ಒಂದನ್ನು ಬಿಡುತ್ತಾರೆ, ಸಾಮಾನ್ಯವಾಗಿ ನಿಮ್ಮ ಮಾತನ್ನು. ಇನ್ನೊಂದು, ಬಣ್ಣ ತುಂಬುವ ಮೊದಲೇ ಮೂರು ಸಲ ಮಡಿಸಿಬಿಡುವುದು. ಆಗ ನಾಲ್ಕು ಎಂಟಾಗುವ ಕ್ಷಣವೇ ತಪ್ಪಿಹೋಗುತ್ತದೆ.

ಕಾಗುಣಿತಕ್ಕೂ ಇದೇ ದಾರಿ. 'ವಿಶೇಷ' ಪದವನ್ನು ಮಕ್ಕಳು 'ವಿಷೇಶ' ಎಂದು ಬರೆಯುವುದು ಕಿವಿಯನ್ನು ಮಾತ್ರ ನಂಬಿದಾಗ. ಪದವನ್ನು ದೊಡ್ಡದಾಗಿ ಬರೆದು ಐದು ಸೆಕೆಂಡು ತೋರಿಸಿ, ಮುಚ್ಚಿ. ಮನಸ್ಸಿನಲ್ಲಿ ಕಂಡಂತೆ ಬರೆಯಲಿ, ತೆರೆದು ತಾಳೆ ನೋಡಲಿ. ನಂತರ ಅಕ್ಷರಗಳನ್ನು ಹಿಂದಿನಿಂದ ಹೇಳಲಿ: ಷ, ಶೇ, ವಿ. ಬರೀ ದನಿ ನೆನಪಿದ್ದವರಿಗೆ ಹಿಂದಿನಿಂದ ಹೇಳುವುದು ಕಷ್ಟ, ರೂಪ ನೆನಪಿದ್ದವರಿಗೆ ಸುಲಭ. ಒಂದು ಸಲಕ್ಕೆ ಐದು ಪದ ಮೀರಬೇಡಿ. ಅವೇ ಐದನ್ನು ಮರುದಿನ, ಮತ್ತೆ ವಾರದ ನಂತರ ಬರೆಸಿ.

ಹಂತ 7: ಗುರಿಯನ್ನು ಗಟ್ಟಿ ಮಾಡುವುದು

"ಈ ಸಲ ಚೆನ್ನಾಗಿ ಓದ್ತೀನಿ" ಎಂಬುದು ಗುರಿಯಲ್ಲ, ಹಾರೈಕೆ. ಐದು ಪ್ರಶ್ನೆಯಿಂದ ಅದನ್ನು ಗುರಿಯಾಗಿಸಬಹುದು. ಏನು ಬೇಕು? (ಏನು ಬೇಡ ಎಂದಲ್ಲ.) ಅದು ನಿನ್ನ ಕೈಯಲ್ಲಿದೆಯೇ? (ಮೊದಲ ರ‍್ಯಾಂಕ್ ಕೈಯಲ್ಲಿಲ್ಲ, ದಿನಕ್ಕೆ ಐದು ಲೆಕ್ಕ ಕೈಯಲ್ಲಿದೆ.) ಆಯಿತು ಎಂದು ಕಣ್ಣಿಗೆ ಕಾಣುವ ಗುರುತು ಏನು? ಎಲ್ಲಿ, ಯಾವ ಹೊತ್ತಿನಲ್ಲಿ? ಇದಕ್ಕಾಗಿ ಏನನ್ನು ಬಿಡಬೇಕಾಗುತ್ತದೆ, ಬಿಡಲು ಮನಸ್ಸಿದೆಯೇ?

ಕೊನೆಗೆ ಬರುವ ವಾಕ್ಯ ಹೀಗಿರಬೇಕು: "ಸೋಮವಾರದಿಂದ ಶುಕ್ರವಾರದವರೆಗೆ, ಮನೆಗೆ ಹೋಗಿ ಬ್ಯಾಗ್ ಇಟ್ಟ ತಕ್ಷಣ, ಇವತ್ತಿನ ವಿಜ್ಞಾನ ಪಾಠದ ಬಗ್ಗೆ ಪುಸ್ತಕ ಮುಚ್ಚಿ ಐದು ಸಾಲು ಬರೀತೀನಿ." 'ಬ್ಯಾಗ್ ಇಟ್ಟ ತಕ್ಷಣ' ಎಂಬ ತುಣುಕನ್ನು ಬಿಡಬೇಡಿ. ಯಾವಾಗ, ಎಲ್ಲಿ ಎಂದು ಮೊದಲೇ ಕಟ್ಟಿಕೊಂಡ ಸಂಕಲ್ಪ ಹೆಚ್ಚು ನೆರವೇರುತ್ತದೆ ಎಂಬುದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಅವರ ಕೆಲಸದಿಂದ ತಿಳಿದುಬಂದಿದೆ.

ತರಗತಿಯಲ್ಲಿ ಮಾಡಲೇಬಾರದ್ದು

ಭುಜ ಮುಟ್ಟಿ, ಕೈ ಹಿಡಿದು 'ಲಂಗರು' ಹಾಕುವ ಅಭ್ಯಾಸವನ್ನು ಕಾರ್ಯಾಗಾರಗಳಲ್ಲಿ ಹೇಳಿಕೊಡುತ್ತಾರೆ. ಮಕ್ಕಳ ಮೇಲೆ ಇದು ಸಲ್ಲದು. ಕಣ್ಣು ಮುಚ್ಚಿಸಿ ಅರೆಸಂಮೋಹನಕ್ಕೆ ಕರೆದೊಯ್ಯುವುದು, ಹಳೆಯ ನೋವನ್ನು ನೆನಪಿಸಿ 'ಅಳಿಸುವುದು', ಭಯಕ್ಕೆ ಐದು ನಿಮಿಷದ ಚಿಕಿತ್ಸೆ ಇವು ಶಿಕ್ಷಕರ ಕೆಲಸವಲ್ಲ. ಪರೀಕ್ಷೆಯ ಹೆಸರೆತ್ತಿದರೆ ವಾಂತಿ ಮಾಡುವ, ನಿದ್ದೆಗೆಡುವ, ಶಾಲೆಗೆ ಬರಲು ನಿರಾಕರಿಸುವ ಮಗುವಿದ್ದರೆ ಪೋಷಕರಿಗೆ ತಿಳಿಸಿ, ಆಪ್ತಸಮಾಲೋಚಕರ ಬಳಿ ಕಳಿಸಿ. ಕೆಲವು ದಿನಗಳ ತರಬೇತಿಯ ಪ್ರಮಾಣಪತ್ರ ನಿಮ್ಮನ್ನು ಚಿಕಿತ್ಸಕರನ್ನಾಗಿ ಮಾಡುವುದಿಲ್ಲ.

"ಸೋಲು ಎಂಬುದಿಲ್ಲ, ಇರುವುದು ಪಾಠ ಮಾತ್ರ" ಎಂಬ ಎನ್‌ಎಲ್‌ಪಿ ಮಾತನ್ನು ಫೇಲಾದ ಮಗುವಿಗೆ ಅದೇ ದಿನ ಹೇಳಬೇಡಿ. ಅದರ ಪಾಲಿಗೆ ಸೋಲು ಇದೆ, ಮನೆಗೆ ಹೋಗಿ ಹೇಳಬೇಕಾಗಿದೆ. ಮೊದಲು "ಬೇಜಾರಾಗಿದೆ ಅಲ್ವಾ" ಎನ್ನಿ. ಉತ್ತರ ಪತ್ರಿಕೆ ಬಿಡಿಸಿ ನೋಡುವುದು ಎರಡು ದಿನದ ಮೇಲೆ.

ಯಾವ ಕ್ರಮದಲ್ಲಿ, ಎಷ್ಟು ದಿನ

ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಮೂರನೇ ದಿನಕ್ಕೆ ಕೈಬಿಡುತ್ತೀರಿ. ಮೊದಲ ಮೂರು ವಾರ ಹಂತ 1 ಮತ್ತು 2 ಮಾತ್ರ. ನಾಲ್ಕನೇ ವಾರ 'ಬೇಡಿ'ಯನ್ನು ತಿದ್ದಿಕೊಳ್ಳಿ, ಐದನೇ ವಾರದಿಂದ ಕಾಯುವುದು ಮತ್ತು ಬಿಡಿಸುವ ಪ್ರಶ್ನೆ. ಹಂತ 3ಕ್ಕೆ ಬೇರೆ ವಾರ ಬೇಕಿಲ್ಲ, ಸಂದರ್ಭ ಬಂದಾಗ ಅಭ್ಯಾಸವಾಗುತ್ತದೆ. ಹಂತ 6 ತಿಂಗಳಿಗೆ ಎರಡು ಪಾಠಕ್ಕೆ ಸಾಕು, ತಯಾರಿಗೆ ಸಮಯ ಬೇಕು. ಗುರಿಯ ಮಾತು ಪರೀಕ್ಷೆಗೆ ಆರು ವಾರ ಇರುವಾಗ.

ಪ್ರತಿ ಶುಕ್ರವಾರ ಅವೇ ಮೂರು ಸಂಖ್ಯೆ ಬರೆಯಿರಿ. ಸ್ತಬ್ಧವಾಗುವ ಸೆಕೆಂಡು ಇಳಿಯದಿದ್ದರೆ ಕೈ ಎತ್ತಿದ ಮೇಲೂ ಮಾತಾಡುತ್ತಿದ್ದೀರಾ ಎಂದು ಸಹೋದ್ಯೋಗಿಯನ್ನು ಕೇಳಿ. ಹೆಚ್ಚಿನ ಸಲ ಹೌದು ಎಂಬ ಉತ್ತರವೇ ಬರುತ್ತದೆ. ಉತ್ತರಿಸುವ ಮಕ್ಕಳ ಸಂಖ್ಯೆ ಏರದಿದ್ದರೆ ನೀವು ಕಾಯುವ ಹೊತ್ತನ್ನು ಆ ಸಹೋದ್ಯೋಗಿಯಿಂದ ಅಳೆಸಿ. ಮಕ್ಕಳೇ ಕೇಳುವ ಪ್ರಶ್ನೆ ಏರುವುದು ಎಲ್ಲಕ್ಕಿಂತ ನಿಧಾನ, ಅದಕ್ಕೆ ಎರಡು ತಿಂಗಳಾದರೂ ಕೊಡಿ. ಆಮೇಲೂ ಒಂದು ತಂತ್ರದಿಂದ ಸಂಖ್ಯೆ ಅಲುಗದಿದ್ದರೆ ಆ ತಂತ್ರವನ್ನು ಬಿಟ್ಟು, ಆ ಸಮಯವನ್ನು ಪಾಠಕ್ಕೆ ಕೊಡಿ.